ಕಣ್ಣಿನ ಗುಳಿಗೆ ಮತ್ತು ನಾಲ್ಕೂವರೆಯ ಊಟ

ನನ್ನ ಮೇಜಿನ ಮೇಲೆ ಒಂದು ಬಿಳಿ ಪ್ಲಾಸ್ಟಿಕ್ ಬಾಟಲಿ ಇದೆ. ಸದ್ಯ ಅದರಲ್ಲಿ ಡ್ರಾಯಿಂಗ್ ಪಿನ್ನುಗಳು, ಎರಡು ರಬ್ಬರು, ಒಂದಿಷ್ಟು ಚಾಕ್‌ಪೀಸಿನ ತುಂಡು ಮತ್ತು ಯಾವ ಬೀಗದ್ದೆಂದು ಯಾರಿಗೂ ಗೊತ್ತಿಲ್ಲದ ಒಂದು ಕೀಲಿಕೈ ವಾಸವಾಗಿವೆ. ಮನೆಗೆ ಬಂದವರು ಅದನ್ನೆತ್ತಿ ನೋಡಿ, "ಇದು ಕಣ್ಣಿನ ಮದ್ದಲ್ವಾ ಮಾಷ್ಟ್ರೇ, ಒಳ್ಳೇದುಂಟಾ?" ಎಂದು ಕೇಳುತ್ತಾರೆ. ಒಳ್ಳೆಯದೇ ಎನ್ನುತ್ತೇನೆ. ನಮ್ಮ ಮನೆಯಲ್ಲಿ ಇಬ್ಬರಿಗೆ ಸರಿಯಾಗಿ ಕಣ್ಣು ಕಾಣುವಂತಾದದ್ದು ಅದರಿಂದಲೇ. ಆದರೆ ಹೇಗೆ ಎಂಬುದನ್ನು ಬಾಗಿಲಲ್ಲಿ ನಿಂತವರಿಗೆ ಹೇಳಿ ಮುಗಿಸಲಾಗದು. ನೀವು ಕೂತಿದ್ದೀರಿ, ಆದ್ದರಿಂದ ಹೇಳುತ್ತೇನೆ.

ಮೊದಲು ದೊಡ್ಡಮ್ಮನ ವಿಷಯ. ಅವರು ನನ್ನ ಅಮ್ಮನ ಅಕ್ಕ. ಅಮ್ಮ ಬೇಗ ತೀರಿಕೊಂಡದ್ದರಿಂದ ನನ್ನನ್ನು ಸಾಕಿದವರು ಅವರೇ. ಈಗ ಅವರಿಗೆ ಎಂಬತ್ತೊಂದು. ಮೂಡುಬಿದಿರೆಯಲ್ಲಿ ಬಸದಿಗಳ ಬೀದಿಯ ಹಿಂದಿನ ಓಣಿಯಲ್ಲಿ ನಮ್ಮ ಮನೆ; ಅಲ್ಲಿ ದೊಡ್ಡಮ್ಮ, ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸುವ ನಾನು, ನನ್ನ ಹೆಂಡತಿ ಸುನಂದಾ, ಮೂರೇ ಜನ. ಜೈನರ ಮನೆಯಾದ್ದರಿಂದ ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ದೊಡ್ಡಮ್ಮನಿಗಂತೂ ಗುಟುಕು ನೀರೂ ಇಲ್ಲ. ನಮ್ಮವರಲ್ಲಿ ಎಷ್ಟೋ ಮಂದಿ ಈಗ ಈ ನಿಯಮವನ್ನು ಪರ್ವದ ದಿನಗಳಿಗೆ ಮಾತ್ರ ಇಟ್ಟುಕೊಂಡಿದ್ದಾರೆ, ಪೇಟೆಗೆ ಹೋದರೆ ನಾನೂ ಅವರ ಪೈಕಿಯೇ. ಮನೆಯೊಳಗೆ ಮಾತ್ರ ದೊಡ್ಡಮ್ಮನ ಕಾನೂನು.

ಹೊತ್ತು ಮುಳುಗಿತೆಂದು ತೀರ್ಮಾನಿಸುವುದು ಯಾರು? ಗೋಡೆಯ ಗಡಿಯಾರವನ್ನು ದೊಡ್ಡಮ್ಮ ನಂಬುವುದಿಲ್ಲ. ಅದಕ್ಕೆ ಬ್ಯಾಟರಿ ಹಾಕುವವನು ನಾನು ಎಂಬುದೇ ಅವರಿಗೆ ಸಾಕಷ್ಟು ಕಾರಣ. ಪಂಚಾಂಗವನ್ನೂ ನಂಬುವುದಿಲ್ಲ, ಅದನ್ನು ಅಚ್ಚು ಹಾಕಿದವರಿಗೆ ನಮ್ಮ ಓಣಿಯ ಮೋಡದ ವಿಷಯ ಏನು ಗೊತ್ತು ಎಂದು ಕೇಳುತ್ತಾರೆ. ಅವರ ಅಜ್ಜಿಯಿಂದ ಬಂದ ಕ್ರಮ ಬೇರೆ. ಸಂಜೆ ಹಿಂದಿನ ಜಗಲಿಗೆ ಬಂದು ನಿಂತು ಅಂಗೈ ಬಿಡಿಸಿ ನೋಡಬೇಕು. ಗೆರೆಗಳು ಕಂಡರೆ ಬಡಿಸಬಹುದು. ಮಸುಕಾಗತೊಡಗಿದರೆ ಬೇಗ ಬೇಗ ಉಂಡು ಕೈತೊಳೆಯಬೇಕು. ಕಾಣದೇ ಹೋದರೆ ಮುಗಿಯಿತು, ಇನ್ನು ನಾಳೆ ಬೆಳಿಗ್ಗೆಯೇ.

ನಾನು ಚಿಕ್ಕವನಿದ್ದಾಗ ಲಗೋರಿ ಆಡಿ ಓಡೋಡಿ ಬರುವಷ್ಟರಲ್ಲಿ ಎಷ್ಟೋ ಸಲ ಹೊತ್ತು ಮೀರಿರುತ್ತಿತ್ತು. ದೊಡ್ಡಮ್ಮ ನನ್ನ ಕೈ ಹಿಡಿದು ಜಗಲಿಯ ತುದಿಗೆ ಎಳೆಯುತ್ತಿದ್ದರು. "ಗೆರೆ ಕಾಣ್ತದಾ?" "ಕಾಣ್ತದೆ." "ಎಷ್ಟುಂಟು?" "ಮೂರು ದೊಡ್ಡದು, ಎರಡು ಸಣ್ಣದು." ಅದು ನನಗೆ ಬಾಯಿಪಾಠವಾಗಿತ್ತು, ನೋಡುವ ಅಗತ್ಯವೇ ಇರಲಿಲ್ಲ. ಆದರೂ ಪ್ರತಿ ಸಲ ಸಿಕ್ಕಿಬೀಳುತ್ತಿದ್ದೆ. ಹೇಗೆ ಗೊತ್ತಾಗುತ್ತದೆ ಎಂದು ಒಮ್ಮೆ ಕೇಳಿದಾಗ ಅವರೇ ಗುಟ್ಟು ಬಿಟ್ಟುಕೊಟ್ಟರು: "ಸುಳ್ಳು ಹೇಳುವಾಗ ನಿನ್ನ ಬಲಗಡೆಯ ಹುಬ್ಬು ಮೇಲೆ ಹೋಗ್ತದೆ ಮಗ." ಅಂದಿನಿಂದ ಕನ್ನಡಿಯೆದುರು ನಿಂತು ಎಷ್ಟು ಅಭ್ಯಾಸ ಮಾಡಿದೆನೋ, ಹುಬ್ಬು ನನ್ನ ಮಾತು ಕೇಳಲಿಲ್ಲ. ಅಂಥ ರಾತ್ರಿ ಅವರು ಉಣ್ಣಲು ಕೊಡುತ್ತಿರಲಿಲ್ಲ. ಬೆಳಿಗ್ಗೆ ಕಾವಲಿಯಿಂದ ಎದ್ದ ಮೊದಲ ದೋಸೆ ಮಾತ್ರ ನನ್ನ ತಟ್ಟೆಗೇ ಬರುತ್ತಿತ್ತು.

ಕಾಣದ್ದನ್ನು ಕಂಡೆನೆನ್ನುವ ಈ ಕೆಟ್ಟ ಚಾಳಿ ಶಾಲೆಯಲ್ಲೂ ಮುಂದುವರಿಯಿತು. ನಾನು ಐದನೆಯ ಕ್ಲಾಸಿನಲ್ಲಿದ್ದಾಗ ಕಣ್ಣು ಪರೀಕ್ಷೆಯವರು ಬಂದು ಗೋಡೆಗೆ ಅಕ್ಷರಗಳ ಪಟ ತೂಗುಹಾಕಿದರು. ಕನ್ನಡಕ ಹಾಕಬೇಕಾಗಿ ಬಂದರೆ ಏನು ಗತಿ ಎಂಬ ಭಯ ನನಗೆ, ಏಕೆಂದರೆ ನಮ್ಮ ಮನೆತನದಲ್ಲಿ ಯಾರಿಗೂ ಕನ್ನಡಕವಿಲ್ಲವೆಂಬುದು ದೊಡ್ಡ ಹೆಮ್ಮೆಯ ಸಂಗತಿಯಾಗಿತ್ತು. ದೊಡ್ಡಮ್ಮನಂತೂ ಮುಂದೆ ಎಪ್ಪತ್ತು ದಾಟುವವರೆಗೂ ಬಸದಿಯಲ್ಲಿ ಬರಿಗಣ್ಣಿನಿಂದ ಶಾಸ್ತ್ರ ಓದಿ ಹೇಳಿದವರು. ಹಾಗಾಗಿ ನಾನು ಸಾಲಿನಲ್ಲಿ ನಿಂತು, ಮುಂದಿನವರು ಓದಿದ್ದನ್ನೆಲ್ಲ ಕಿವಿಯಿಂದಲೇ ಕಲಿತುಬಿಟ್ಟೆ. ನನ್ನ ಸರದಿ ಬಂದಾಗ ನಿಂತವನೇ ಮೇಲಿನಿಂದ ಕೆಳಗಿನವರೆಗೆ ಒಂದೇ ಉಸಿರಿಗೆ ಒಪ್ಪಿಸಿದೆ. ಆ ಪುಣ್ಯಾತ್ಮ ಕೈಯಲ್ಲಿ ಕೋಲು ಹಿಡಿದು, "ನಾನಿನ್ನೂ ಯಾವ ಸಾಲನ್ನೂ ತೋರಿಸಿಲ್ಲ ಮಾರಾಯ" ಎಂದರು. ಆಮೇಲೆ ನಕ್ಕು, ಕಣ್ಣು ಸರಿ ಉಂಟು ಎಂದು ಬರೆದುಕೊಂಡರು. ಆ ನಗುವಿಗೆ ನಾನು ಬಹಳ ವರ್ಷ ಋಣಿಯಾಗಿದ್ದೆ.

ನಲವತ್ತೈದು ದಾಟಿದ ಮೇಲೆ ಸಣ್ಣ ಅಕ್ಷರಗಳು ನನ್ನನ್ನು ಬಿಟ್ಟುಹೋದವು. ನಾನು ಯಾರಿಗೂ ಹೇಳಲಿಲ್ಲ. ಹಾಜರಿ ಪಟ್ಟಿ ಬಾಯಿಗೆ ಬರುತ್ತಿತ್ತು, ಚಿತ್ರ ದೂರದಿಂದ ನೋಡುವಂಥದ್ದು, ಪೇಪರಿನಲ್ಲಿ ತಲೆಬರಹ ಓದಿದರೆ ಸಾಕಾಗುತ್ತಿತ್ತು. ತಲೆಬರಹ ಮಾತ್ರ ಓದಿ ಅಭಿಪ್ರಾಯ ಕೊಡುವವರು ಊರಿನಲ್ಲಿ ಧಾರಾಳ ಇರುವುದರಿಂದ ನಾನೊಬ್ಬನೇ ಎದ್ದು ಕಾಣಲಿಲ್ಲ. ಹೀಗೆ ಹನ್ನೆರಡು ವರ್ಷ ದಾಟಿಸಿದೆ.

ಅಷ್ಟರಲ್ಲಿ ದೊಡ್ಡಮ್ಮನ ಕಣ್ಣು ಮಂಜಾಗತೊಡಗಿತು. ಅವರು ಅದನ್ನು ಕಣ್ಣಿನ ದೋಷವೆಂದು ತಿಳಿಯಲೇ ಇಲ್ಲ. ಹೊತ್ತು ಬೇಗ ಮುಳುಗುತ್ತಿದೆ ಎಂದುಕೊಂಡರು. ಮೊದಲು ಆರೂವರೆಗೆ ಇದ್ದ ಊಟ ಆರಕ್ಕೆ ಬಂತು. ಆಮೇಲೆ ಐದೂವರೆ. ಮಳೆಗಾಲ ಶುರುವಾದ ಮೇಲೆ ಒಂದು ದಿನ ನಾನು ಶಾಲೆಯಿಂದ ಬಂದು ಚಪ್ಪಲಿ ಬಿಡುತ್ತಿದ್ದಂತೆ ಹಿಂದಿನಿಂದ ಕೂಗು ಕೇಳಿಸಿತು: "ಮಗಾ, ಬೇಗ ಬಾ. ಗೆರೆ ಮಸುಕಾಗ್ತಾ ಉಂಟು." ಗಡಿಯಾರ ನೋಡಿದೆ. ನಾಲ್ಕೂವರೆ.

ನಮ್ಮ ಹಿಂದಿನ ಜಗಲಿ ಪೂರ್ವಕ್ಕಿರುವುದರಿಂದ ಸಂಜೆಯ ಬಿಸಿಲು ಅಲ್ಲಿಗೆ ಬೀಳುವುದಿಲ್ಲ. ಅಂಗಳದಾಚೆ ಫಳಫಳ ಬೆಳಕು, ಹಿಂಬದಿಯ ಮನೆಯವರು ಕಾಫಿಗೆ ನೀರಿಡುತ್ತಿದ್ದಾರೆ, ನಾವು ಮೂವರು ಸಾಲಾಗಿ ಕೂತು ರಾತ್ರಿಯ ಅನ್ನ ಸಾರು ಉಣ್ಣುತ್ತಿದ್ದೇವೆ. ನಾನು ಬಾಯಿ ತೆರೆದೆ. ಸುನಂದಾ ಕಣ್ಣಿನಲ್ಲೇ ಬೇಡ ಎಂದಳು. ದೊಡ್ಡಮ್ಮ ಅಷ್ಟು ಶ್ರದ್ಧೆಯಿಂದ, ಅಷ್ಟು ಅವಸರದಿಂದ, ನಮ್ಮ ಕೈ ಒಣಗುವ ಮೊದಲೇ ಬಡಿಸಿ ಮುಗಿಸಬೇಕೆಂದು ಒದ್ದಾಡುತ್ತಿದ್ದರು. ನಿಮಗೆ ಕಣ್ಣು ಕಾಣುವುದಿಲ್ಲ ಎಂದು ಅವರಿಗೆ ಹೇಗೆ ಹೇಳುವುದು? ನನಗೆ ಧೈರ್ಯ ಬರಲಿಲ್ಲ. ಆ ಒಂದು ದಿನ ಸುಮ್ಮನಿದ್ದದ್ದು ಅಭ್ಯಾಸವೇ ಆಗಿಹೋಯಿತು.

ಹಸಿವು ಮಾತ್ರ ಏಳೂವರೆಗೆ ಸರಿಯಾಗಿ ಬಂದು ಬಾಗಿಲು ತಟ್ಟುತ್ತಿತ್ತು. ನಾನು ಗ್ರಂಥಾಲಯಕ್ಕೆ ಹೋಗುತ್ತೇನೆಂದು ಹೇಳಿ ಪೇಟೆಯ ಹೋಟೆಲಿನಲ್ಲಿ ಗೋಳಿಬಜೆ ತಿನ್ನುತ್ತಿದ್ದೆ. ಸುನಂದಾ ಬಟ್ಟೆಯ ಕಪಾಟಿನಲ್ಲಿ ಸೀರೆಗಳ ಹಿಂದೆ ಬಿಸ್ಕೆಟಿನ ಡಬ್ಬ ಇಟ್ಟಿದ್ದಳು. ಆ ವರ್ಷ ಮದುವೆಮನೆಗಳಲ್ಲಿ ಅವಳ ರೇಷ್ಮೆ ಸೀರೆಗೆ ಏಲಕ್ಕಿ ಬಿಸ್ಕೆಟಿನ ಪರಿಮಳ ಇರುತ್ತಿತ್ತು.

ಡಾಕ್ಟರ ಹತ್ತಿರ ಹೋಗುವ ಎಂದು ನಾವು ಸೂಚಿಸದೆ ಇರಲಿಲ್ಲ. ಒಣಗಲು ಹಾಕಿದ ನನ್ನ ಅಂಗಿಗೆ ದೊಡ್ಡಮ್ಮ "ಬನ್ನಿ, ಕೂತುಕೊಳ್ಳಿ" ಎಂದ ದಿನ ಸುನಂದಾ ಗಟ್ಟಿಯಾಗಿಯೇ ಹೇಳಿದಳು. ದೊಡ್ಡಮ್ಮ ಒಪ್ಪಲಿಲ್ಲ. "ಸ್ವಲ್ಪ ಮಂಜು ಉಂಟು, ಅಷ್ಟೇ. ಅದಕ್ಕೆಂತ ಕತ್ತರಿ ಹಾಕಿಸುವುದು? ಮತ್ತೆ ಆಪರೇಷನ್ ಆದರೆ ಕತ್ತಲಾದ ಮೇಲೂ ಮದ್ದು ಬಿಡ್ತಾರಂತೆ. ನನ್ನ ನೇಮ ಎಂತ ಆಗ್ಬೇಕು?" ನಾನು ಅವರ ಪಕ್ಷ ವಹಿಸಿದೆ. ಇದರಲ್ಲಿ ಭಕ್ತಿಗಿಂತ ಸ್ವಾರ್ಥ ಹೆಚ್ಚಿತ್ತು. ಒಬ್ಬರ ಕಣ್ಣು ತೋರಿಸಲು ಹೋದರೆ ಕಣ್ಣಿನ ಡಾಕ್ಟರು ಪಕ್ಕದಲ್ಲಿ ನಿಂತವರ ಕಣ್ಣಿಗೂ ಟಾರ್ಚ್ ಹಿಡಿಯುತ್ತಾರೆ ಎಂದು ಕೇಳಿದ್ದೆ. "ಮೊದಲು ಪಥ್ಯ, ಸೊಪ್ಪು, ಮನೆಮದ್ದು ನೋಡುವ" ಎಂದೆ. ಹೀಗೆ ನಮ್ಮ ಮನೆಯಲ್ಲಿ ಕಣ್ಣಿನ ಪೋಷಣೆಯ ಯುಗ ಆರಂಭವಾಯಿತು.

ಬೆಳ್ತಂಗಡಿಯಲ್ಲಿರುವ ನಮ್ಮ ದಾಯಾದಿಯೊಬ್ಬ ಬಸ್ಸಿನಲ್ಲಿ ಹೊನಗೊನ್ನೆ ಸೊಪ್ಪು ಕಳಿಸಿದ. ಅದು ಕಣ್ಣಿಗೆ ಅಮೃತವೆಂದು ಎಲ್ಲರೂ ಹೇಳುತ್ತಾರೆ. ಎರಡು ವಾರ ಅದರ ಪಲ್ಯ, ಅದರ ತಂಬುಳಿ, ಅದನ್ನೇ ಅರೆದು ಹಾಕಿದ ದೋಸೆ. ನಡುವೆ ಬದಲಾವಣೆಗೆಂದು ನುಗ್ಗೆಸೊಪ್ಪು. ಎದುರುಮನೆಯವರು ಕ್ಯಾರೆಟ್ ತಿನ್ನಿಸಿ ಎಂದರು. ನೆಲದೊಳಗಿನ ಗಡ್ಡೆ ನಮ್ಮ ದೊಡ್ಡಮ್ಮನಿಗೆ ಆಗದು. ಆಗದು ಎಂದಷ್ಟೇ ಹೇಳಿ ಬಿಡುವವರೂ ಅಲ್ಲ: "ಹುಟ್ಟಿದಂದಿನಿಂದ ಮಣ್ಣೊಳಗೆ ಕಣ್ಣುಮುಚ್ಚಿ ಕೂತ ತರಕಾರಿಗೆ ಬೆಳಕಿನ ವಿಷಯ ಎಂತ ಗೊತ್ತುಂಟು?" ಎದುರುಮನೆಯವರು ತಂದಿದ್ದ ಹಲ್ವವನ್ನು ವಾಪಸು ತೆಗೆದುಕೊಂಡು ಹೋದರು. ನನ್ನ ದೃಷ್ಟಿ ಅದನ್ನು ಗೇಟಿನವರೆಗೆ ಹಿಂಬಾಲಿಸಿತು, ದೂರದ್ದು ನನಗೆ ಚೆನ್ನಾಗಿ ಕಾಣುತ್ತಿತ್ತಲ್ಲ.

ನೆರಿಯದ ಕಡೆಯ ಒಬ್ಬ ಪಂಡಿತರು ತ್ರಿಫಲದ ಪುಡಿ ಕೊಟ್ಟರು. ಜೇನಿನಲ್ಲಿ ಕಲಸಿ ತಿನ್ನಬೇಕೆಂದಿದ್ದರು. ಜೇನೂ ನಮಗೆ ವರ್ಜ್ಯ, ಆದ್ದರಿಂದ ಬಿಸಿನೀರಿನಲ್ಲಿ. "ನೀನೂ ತಗೋ ಮಗ, ಮನೆತನದ ಕಣ್ಣು" ಎಂದು ದೊಡ್ಡಮ್ಮ ನನಗೂ ಒಂದು ಲೋಟ ಕೊಟ್ಟರು. ತ್ರಿಫಲ ಕಣ್ಣಿಗೆ ಹೊರಟದ್ದೇನೋ ನಿಜ, ದಾರಿಯಲ್ಲಿ ಹೊಟ್ಟೆಯಲ್ಲಿ ಇಳಿದು ಬೇರೆ ಕೆಲಸ ಹಿಡಿಯಿತು. ಮರುದಿನ ಎಂಟನೆಯ ತರಗತಿಗೆ ಬಾಳೆಹಣ್ಣಿನ ಚಿತ್ರ ಬಿಡಿಸಲು ಹೇಳಿ ನಾನು ಮೂರು ಸಲ ಹೊರಗೆ ಹೋದೆ. ಊಟ ಮಾತ್ರ ನಾಲ್ಕೂವರೆಯಿಂದ ಕದಲಲಿಲ್ಲ.

ಜಡಿಮಳೆಯ ಆಟಿ ತಿಂಗಳಿನಲ್ಲಿ ಪಕ್ಕದ ಮನೆಯ ಕರುಣಾಕರ ಕುವೈತಿನ ಕೆಲಸ ಮುಗಿಸಿ ಖಾಯಂ ಆಗಿ ಊರಿಗೆ ಬಂದ. ಬಹಳ ಒಳ್ಳೆಯ ಮನುಷ್ಯ. ಇಡೀ ಓಣಿಗೆ ಹಂಚಲು ಒಂದು ಪೆಟ್ಟಿಗೆ ತುಂಬ ಸಾಮಾನು ತಂದಿದ್ದ. ನಮ್ಮ ಪಾಲಿಗೆ ಬಂದದ್ದು ಈ ಬಿಳಿ ಬಾಟಲಿ. ಅದರ ಮುಂಭಾಗದಲ್ಲಿ ಒಂದು ದೊಡ್ಡ ನೀಲಿ ಕಣ್ಣು, ಕೆಳಗೆ ನೇರಳೆಯಂಥ ಹಣ್ಣುಗಳು, ಎರಡು ಗೊಂಡೆ ಹೂವು. ಒಳಗೆ ಜೇನಿನ ಬಣ್ಣದ, ಬೆಳಕು ಹಾಯುವ ಉದ್ದನೆಯ ಗುಳಿಗೆಗಳು.

"ಅಲ್ಲಿ ನಮ್ಮ ಮ್ಯಾನೇಜರ್ ಇದನ್ನೇ ತಿಂತಿದ್ದ, ದಿನಕ್ಕೆ ಒಂದು" ಎಂದ ಕರುಣಾಕರ. "ಆದರೆ ನೀವು ನಿಷ್ಠೆಯವರಲ್ವಾ. ಹಿಂದೆ ಎಂತೆಲ್ಲ ಹಾಕಿದ್ದಾರೆ ಅಂತ ಬರ್ದುಂಟು. ಒಮ್ಮೆ ಓದಿ ನೋಡಿ ಮಾಷ್ಟ್ರೇ."

ದೊಡ್ಡಮ್ಮ ನನ್ನ ಕಡೆ ತಿರುಗಿದರು. ಕರುಣಾಕರನೂ ನೋಡುತ್ತಿದ್ದ. ನಾನು ಬಾಟಲಿಯನ್ನು ತಿರುಗಿಸಿದೆ. ಹಿಂಭಾಗದಲ್ಲಿ ಇರುವೆಗಳು ಸಾಲು ಹಿಡಿದು ಹೋಗುತ್ತಿದ್ದವು. ಹತ್ತಿರ ತಂದೆ, ದೂರ ಹಿಡಿದೆ, ಕಿಟಕಿಯ ಬೆಳಕಿಗೆ ಹೋದೆ, ತುಟಿ ಅಲ್ಲಾಡಿಸಿದೆ. ನನಗೆ ಕಾಣುವುದಿಲ್ಲ ಎಂಬ ಎರಡು ಶಬ್ದ ಹೇಳಿದ್ದರೆ ಮುಗಿಯುತ್ತಿತ್ತು. ಬದಲಿಗೆ ಹೇಳಿದೆ: "ಎಲ್ಲ ಹಣ್ಣು, ಹೂವು, ಸೊಪ್ಪು. ಬೇರೆಂತ ಇಲ್ಲ."

ನನ್ನ ಬಲಹುಬ್ಬು ಖಂಡಿತ ಮೇಲೆ ಹೋಗಿತ್ತು. ಆದರೆ ಅದನ್ನು ನೋಡಬೇಕಾದವರಿಗೆ ಅದು ಕಾಣಿಸಲಿಲ್ಲ.

ದೊಡ್ಡಮ್ಮ ದಿನಾ ಬೆಳಿಗ್ಗೆ ಪೂಜೆ ಮುಗಿಸಿ ಒಂದು ಗುಳಿಗೆ ನುಂಗತೊಡಗಿದರು. ಅದಕ್ಕೆ ಅವರೇ ಹಣ್ಣಿನ ಗುಳಿಗೆ ಎಂದು ಹೆಸರಿಟ್ಟರು. ಪವಾಡ ನೋಡಿ, ಒಂದೂವರೆ ತಿಂಗಳಾಗುವಷ್ಟರಲ್ಲಿ ಊಟ ನಾಲ್ಕೂ ಮುಕ್ಕಾಲಿಗೆ ಸರಿಯಿತು. ಇನ್ನೊಂದು ವಾರಕ್ಕೆ ಐದು. "ಗೆರೆ ಚೆಂದ ಕಾಣ್ತದೆ" ಎಂದರು ದೊಡ್ಡಮ್ಮ. ನಾನು ಸ್ಟಾಫ್ ರೂಮಿನಲ್ಲಿ ಇಬ್ಬರಿಗೆ ಆ ಗುಳಿಗೆಯ ಶಿಫಾರಸು ಮಾಡಿದೆ. ಕರುಣಾಕರ ಓಣಿಯಲ್ಲಿ ಡಾಕ್ಟರನ ಹಾಗೆ ನಡೆಯತೊಡಗಿದ. ಅದೇ ಹೊತ್ತಿಗೆ ಮಳೆ ಬಿಟ್ಟು ಮೋಡ ಹರಿದು ಆಕಾಶ ತೊಳೆದಿಟ್ಟಂತಾಗಿತ್ತು ಎಂಬುದನ್ನು ನಾವಿಬ್ಬರೂ ಗಮನಕ್ಕೆ ತೆಗೆದುಕೊಳ್ಳಲಿಲ್ಲ.

ಗಮನಿಸಿದವಳು ಸುನಂದಾ. ಅವಳು ಗುಳಿಗೆಯ ಬಾಟಲಿಯನ್ನು ಒರೆಸಿಡುವಾಗ ಮೂಸಿ ನೋಡಿದಳಂತೆ. ಆಮೇಲೆ ಮೊಬೈಲಿನಲ್ಲಿ ಅದರ ಬೆನ್ನಿನ ಫೋಟೋ ತೆಗೆದು ದೊಡ್ಡದು ಮಾಡಿ ಓದಿದಳು. ನಾನು ಶಾಲೆಯಿಂದ ಬಂದಾಗ ಬಾಗಿಲಲ್ಲೇ ನಿಂತಿದ್ದಳು.

"ಇದರಲ್ಲಿ ಮೊದಲು ಬರೆದದ್ದು ಎಂತ ಅಂತ ಓದಿದಿರಾ ಮಾರಾಯ್ರೇ?"

"ಹಣ್ಣು" ಎಂದೆ.

"ಮೀನೆಣ್ಣೆ. ಹೊರಗಿನ ಸಿಪ್ಪೆ ದನದ್ದೋ ಮತ್ತೊಂದರದ್ದೋ, ಅದೂ ಅಲ್ಲೇ ಉಂಟು. ಹಣ್ಣು ಕಟ್ಟಕಡೆಗೆ, ಹೆಸರಿಗೆ."

ನಾನು ಅಲ್ಲೇ ಚಪ್ಪಲಿಗಳ ಪಕ್ಕದಲ್ಲಿ ಕೂತುಬಿಟ್ಟೆ. ತಿಳಿದಾಗಿನಿಂದ ಇರುವೆ ಸಾಯಬಾರದೆಂದು ನೆಲ ನೋಡಿ ನಡೆದವರು, ಸೋಸದ ನೀರು ಕುಡಿಯದವರು, ಐವತ್ತು ಬೆಳಿಗ್ಗೆ ಪೂಜೆ ಮುಗಿಸಿ ಮಡಿಯಲ್ಲಿ ನಿಂತು ಮೀನು ನುಂಗಿದ್ದರು. ನುಂಗಿಸಿದವನು ನಾನು. ನನಗೆ ಅಷ್ಟು ನಾಚಿಕೆ ಜೀವನದಲ್ಲಿ ಯಾವತ್ತೂ ಆದದ್ದಿಲ್ಲ.

ಆದರೂ ತಕ್ಷಣ ನಿಜ ಹೇಳಿದೆನೆಂದು ತಿಳಿಯಬೇಡಿ. ಮರುದಿನ ಬೆಳಿಗ್ಗೆ ಅವರು ಕೈಚಾಚಿ, "ನನ್ನ ಹಣ್ಣಿನ ಗುಳಿಗೆ ಎಲ್ಲುಂಟು?" ಎಂದಾಗ ಮುಗಿಯಿತು ಎಂದೆ. ಮಧ್ಯಾಹ್ನ ದೊಡ್ಡಮ್ಮ ಬೇಲಿಯಾಚೆಗೆ ಮಾತಾಡಿದರು. ಸಂಜೆಗೆ ಕರುಣಾಕರ ಎರಡು ಹೊಸ ಬಾಟಲಿ ಹಿಡಿದುಕೊಂಡು ನಗುತ್ತಾ ಬಂದ. "ಮುಗಿದರೆ ಹೇಳ್ಬಾರದಾ ಮಾಷ್ಟ್ರೇ? ನಂದೇ ಪಾಲಿನದ್ದು ತಂದೆ. ಅಮ್ಮನ ಕಣ್ಣಿಗಿಂತ ಹೆಚ್ಚಾ?"

ಅವನು ಹೋದ ಮೇಲೆ ದೊಡ್ಡಮ್ಮ ಆ ಬಾಟಲಿಗಳನ್ನು ಎರಡೂ ಕೈಯಲ್ಲಿ ಸವರಿ ದೇವರಕೋಣೆಯ ಗೂಡಿನಲ್ಲಿಡಲು ಎದ್ದರು. ದೇವರಕೋಣೆ ಎಂದ ಕೂಡಲೇ ನನ್ನಿಂದ ತಡೆಯಲಾಗಲಿಲ್ಲ.

"ದೊಡ್ಡಮ್ಮ, ಅಲ್ಲಿ ಇಡ್ಬೇಡಿ. ಅದರಲ್ಲಿ ಮೀನುಂಟು."

ಅವರು ಕೈಯಲ್ಲಿದ್ದದ್ದನ್ನು ನಿಧಾನವಾಗಿ ನೆಲದ ಮೇಲಿಟ್ಟರು.

"ಓದಿ ಹೇಳಿದ್ದು ನೀನಲ್ವಾ?"

"ಹೌದು."

"ಮೀನು ಅಂತ ಅದರಲ್ಲಿ ಬರ್ದಿತ್ತಾ?"

"ಬರ್ದಿತ್ತು. ನನಗೆ ಕಾಣಲಿಲ್ಲ."

"ಕಾಣದಿದ್ದರೆ ಕಾಣುದಿಲ್ಲ ಅಂತ ಹೇಳ್ಲಿಕ್ಕೆ ನಿನಗೆಂತ ಆಗಿತ್ತು?"

ಐದನೆಯ ಕ್ಲಾಸಿನಲ್ಲೂ ನನಗೆ ಅದೇ ಆಗಿತ್ತು. ದೊಡ್ಡಮ್ಮ ಬೈಯಲಿಲ್ಲ, ಬೈದಿದ್ದರೆ ಸುಲಭವಾಗುತ್ತಿತ್ತು. ಕೈಕಾಲು ತೊಳೆದು ಜಪಕ್ಕೆ ಕೂತರು. ಅಂದು ಉಣ್ಣಲಿಲ್ಲ, ಮರುದಿನ ಉಪವಾಸ. ಯಾರೂ ಹೇಳದಿದ್ದರೂ ನಾನೂ ಉಪವಾಸ ಮಾಡಿದೆ. ಹನ್ನೊಂದು ಗಂಟೆಗೆ ಏಳನೆಯ ತರಗತಿಯಲ್ಲಿ ಬೋರ್ಡಿನ ಮೇಲೆ ಬರೆದ ತೆಂಗಿನಕಾಯಿ ಎರಡಾಗಿ ಕಂಡಿತು. ಹೆಡ್ಮಾಷ್ಟ್ರು ಶರಬತ್ತು ತರಿಸಿದರು. ಕುಡಿದೆ. ನನ್ನ ಪ್ರಾಯಶ್ಚಿತ್ತ ಅಷ್ಟಕ್ಕೇ ನಿಂತಿತು.

ಮೂರನೆಯ ದಿನ ದೊಡ್ಡಮ್ಮ ಬಸದಿಗೆ ಹೋಗಿ ಇಂದ್ರರಲ್ಲಿ ಎಲ್ಲ ಹೇಳಿಕೊಂಡರು. ನಮ್ಮ ಬಸದಿಯ ಪುರೋಹಿತರನ್ನು ಇಂದ್ರರೆಂದೇ ಕರೆಯುವುದು. ಅವರು ಸಮಾಧಾನಿ. "ತಿಳಿಯದೆ ಆದದ್ದು, ಅಮ್ಮ. ನೀವು ಮಾಡಿದ ಉಪವಾಸ ಸಾಕು" ಎಂದರು. ಆಮೇಲೆ ನನ್ನ ಕಡೆ ನೋಡಿ, "ತಿಳಿಯದ್ದನ್ನು ತಿಳಿದ ಹಾಗೆ ಹೇಳಿದವರಿಗೆ ಎಂತ ಮಾಡುದು ಅಂತ ನೀವೇ ನೋಡಿಕೊಳ್ಳಿ" ಎಂದರು. ದೊಡ್ಡಮ್ಮ ಆಗಲೇ ನೋಡಿಕೊಂಡಿದ್ದರು.

"ಹಾಗಾದರೆ ಇನ್ನೊಂದು ಕೇಳ್ತೇನೆ" ಎಂದರು. "ಕತ್ತಲಾದ ಮೇಲೆ ಕಣ್ಣಿಗೆ ಮದ್ದು ಬಿಟ್ಟರೆ ಅದು ಉಂಡ ಹಾಗಾ?"

"ಕಣ್ಣಿಗೆ ಬಿಟ್ಟದ್ದನ್ನು ಊಟ ಅಂತ ಯಾರು ಹೇಳ್ತಾರೆ ಅಮ್ಮ?"

"ಗಂಟಲಿಗೆ ಕಹಿ ಇಳಿದರೆ?"

ಇಂದ್ರರು, "ಉಗುಳಿಬಿಡಿ" ಎಂದರು.

ಮನೆಗೆ ಬರುವ ದಾರಿಯಲ್ಲಿ ದೊಡ್ಡಮ್ಮ ತೀರ್ಪು ಕೊಟ್ಟರು. "ನಾಡಿದ್ದು ಬಂಟ್ವಾಳದ ಕಣ್ಣಿನ ಡಾಕ್ಟರಲ್ಲಿಗೆ ಹೋಗುವ. ಮೊದಲು ನಿನ್ನ ಕಣ್ಣು. ಕಾಣದವನು ಓದಿ, ಕಾಣದವಳು ನಂಬಿ, ನಾವಿಬ್ಬರೂ ಹೀಗೇ ಇದ್ದರೆ ನಾಳೆ ಇನ್ನೂ ಎಂತೆಲ್ಲ ನುಂಗ್ತೇವೋ."

ಸಿದ್ಧಕಟ್ಟೆಯ ಮೇಲಾಗಿ ಹೋಗುವ ಬಸ್ಸಿನಲ್ಲಿ ಹೋದೆವು. ಡಾಕ್ಟರಲ್ಲಿ ಹತ್ತು ಜನ ಸಾಲಾಗಿ ಕೂತಿದ್ದರು, ಒಳಗೆ ಓದುತ್ತಿದ್ದ ಅಕ್ಷರ ಹೊರಗೆ ಕೇಳುತ್ತಿತ್ತು. ನನ್ನ ಕಿವಿ ತನ್ನಷ್ಟಕ್ಕೆ ಚುರುಕಾಯಿತು. ದೊಡ್ಡಮ್ಮ ತಮ್ಮ ಸೆರಗಿನ ತುದಿಯಿಂದ ನನ್ನ ಕಿವಿ ಮುಚ್ಚಿದರು. ಐವತ್ತೇಳು ವರ್ಷದ ಮಾಷ್ಟ್ರ ಕಿವಿಯನ್ನು, ಹತ್ತು ಜನರ ಎದುರು. ಆ ಹಳೆಯ ಪರೀಕ್ಷೆಯ ಕಥೆ ಅವರಿಗೆ ಅಂದೇ ಗೊತ್ತಾಗಿತ್ತಂತೆ, ಹುಬ್ಬು ಹೇಳಿತ್ತಂತೆ.

ನನಗೆ ಸಿಕ್ಕಿದ್ದು ಸಾಧಾರಣ ಚಾಳೀಸು. ಕನ್ನಡಕ ಹಾಕಿದ ಕೂಡಲೇ ಡಾಕ್ಟರ ಮೇಜಿನ ಮೇಲಿನ ಮದ್ದಿನ ಚೀಟಿಯ ಪ್ರತಿಯೊಂದು ಅಕ್ಷರವೂ ಎದ್ದು ನಿಂತು ನಮಸ್ಕಾರ ಹೇಳಿತು. ಹನ್ನೆರಡು ವರ್ಷ ನಾನು ತಲೆಬರಹಗಳಲ್ಲೇ ಬದುಕಿದ್ದೆನಲ್ಲ ಎಂದು ಪಶ್ಚಾತ್ತಾಪವಾಯಿತು. ದೊಡ್ಡಮ್ಮನಿಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ನಾವು ತಿಂದ ಸೊಪ್ಪುಗಳ ಪಟ್ಟಿಯನ್ನು ನಾನು ಒಪ್ಪಿಸಿದಾಗ ಡಾಕ್ಟರು ತಾಳ್ಮೆಯಿಂದ ಕೇಳಿದರು. "ಹೊನಗೊನ್ನೆ, ನುಗ್ಗೆ ಎಲ್ಲ ತಿನ್ನಿ, ದೇಹಕ್ಕೆ ಒಳ್ಳೇದೇ. ಆದರೆ ಬಂದ ಪೊರೆ ಸೊಪ್ಪಿಗೂ ಹೋಗುದಿಲ್ಲ, ಗುಳಿಗೆಗೂ ಹೋಗುದಿಲ್ಲ. ತೆಗೀಬೇಕು. ಇನ್ನೂ ತಡ ಮಾಡಿದರೆ ಕಷ್ಟ ಆಗ್ತಿತ್ತು." ಆ ಕೊನೆಯ ಮಾತು ನನ್ನ ಎದೆಯಲ್ಲಿ ಚುಚ್ಚಿತು. ನನ್ನ ಜಂಭಕ್ಕೆ ಅವರ ಕಣ್ಣು ಹೋಗುವುದರಲ್ಲಿತ್ತು.

ಮೊದಲು ಒಂದು ಕಣ್ಣಿಗೆ ಮಾತ್ರ ಆಪರೇಷನ್ ಆಯಿತು. ಅದು ಕಾಲು ಗಂಟೆಯಲ್ಲ, ಅದಕ್ಕಿಂತಲೂ ಬೇಗ ಮುಗಿದಂತೆ ದೊಡ್ಡಮ್ಮನಿಗೆ ಅನ್ನಿಸಿತು. ಕಪ್ಪು ಕನ್ನಡಕ ಹಾಕಿಕೊಂಡು ಸಂಜೆಯೇ ಮನೆಗೆ ಬಂದರು. ಓಣಿಯಲ್ಲಿ ಕರುಣಾಕರ ಎದುರಾಗಿ, ಮೀನಿನ ವಿಷಯ ತಿಳಿದಿದ್ದರಿಂದ ತಲೆ ತಗ್ಗಿಸಿ ನಿಂತ. "ನಿನ್ನದೆಂತ ತಪ್ಪು? ನೀನು ಓದಿ ನೋಡಿ ಅಂತಲೇ ಹೇಳಿದ್ದಿ" ಎಂದು ದೊಡ್ಡಮ್ಮ ಅವನ ಬೆನ್ನು ತಟ್ಟಿದರು. ಆ ವಾಕ್ಯದಲ್ಲಿ ನನಗೂ ಒಂದು ಪಾಲಿತ್ತು. ಮುಂದಿನ ಎಂಟು ದಿನ ಕಪ್ಪು ಕನ್ನಡಕದೊಳಗೆ ಹೊತ್ತು ಇನ್ನೂ ಬೇಗ ಮುಳುಗಿತು. ಮೂರೂವರೆಗೆ ಉಂಡೆವು. ನಾನು ಶಾಲೆಗೆ ರಜೆ ಹಾಕಬೇಕಾಯಿತು.

ಒಂಬತ್ತನೆಯ ದಿನ ಡಾಕ್ಟರು ಮನೆಯೊಳಗೆ ಕಪ್ಪು ಕನ್ನಡಕ ಬೇಡ ಎಂದರು. ದೊಡ್ಡಮ್ಮ ಅದನ್ನು ತೆಗೆದಿಟ್ಟು ಮನೆ ಸುತ್ತತೊಡಗಿದರು. ಮಾಡಿನ ಮೂಲೆಯಲ್ಲಿ ಜೇಡರಬಲೆ. ಕೊಪ್ಪರಿಗೆಯ ಬುಡದಲ್ಲಿ ಕಿಲುಬು. "ನೀನೆಂತ ಇಷ್ಟು ಬಡವಾಗಿದ್ದಿ?" ಎಂದು ಸುನಂದಾಳನ್ನು. "ತಲೆಗೆ ಎಂತ ಹಚ್ಚಿದ್ದು, ಮಸಿಯಾ?" ಎಂದು ನನ್ನನ್ನು. ಸೀರೆ ಮಡಚಿಡಲು ಹೋದವರು ಬಿಸ್ಕೆಟಿನ ಡಬ್ಬ ಹಿಡಿದುಕೊಂಡು ಹೊರಗೆ ಬಂದರು. ಅದನ್ನು ಮೇಜಿನ ಮೇಲಿಟ್ಟರು.

ಈ ಗಲಾಟೆಯಲ್ಲಿ ಸುನಂದಾ ಅಭ್ಯಾಸಬಲದಿಂದ ನಾಲ್ಕೂವರೆಗೆ ಹಿಂದಿನ ಜಗಲಿಯಲ್ಲಿ ಮೂರು ತಟ್ಟೆ ಇಟ್ಟು ನೀರು ಚಿಮುಕಿಸಿದಳು. ದೊಡ್ಡಮ್ಮ ಅಲ್ಲಿಗೆ ಬಂದರು. ತಟ್ಟೆ ನೋಡಿದರು. ಅಂಗಳ ನೋಡಿದರು. ಅಂಗಳದಾಚೆ ಹಿಂಬದಿಯ ಮನೆಯ ಗೋಡೆಯ ಮೇಲೆ ಬಿಸಿಲು ಹಳದಿಯಾಗಿ ಬಿದ್ದಿತ್ತು, ಕಾಗೆಗಳು ಇನ್ನೂ ಕೆಲಸದಲ್ಲಿದ್ದವು.

"ಇದೆಂತದು, ಈಗ ಯಾಕೆ ತಟ್ಟೆ?"

ಸುನಂದಾ ನನ್ನನ್ನು ನೋಡಿದಳು. ನಾನು ಗಡಿಯಾರ ನೋಡಿದೆ. ದೊಡ್ಡಮ್ಮನೂ ಗಡಿಯಾರ ನೋಡಿದರು. ಎಷ್ಟೋ ಕಾಲದ ನಂತರ ಅವರಿಗೆ ಅದರ ಮುಳ್ಳು ಕಂಡಿರಬೇಕು. ಆಮೇಲೆ ಅವರು ತಮ್ಮ ಅಂಗೈ ಬಿಡಿಸಿ ಬಹಳ ಹೊತ್ತು ನೋಡಿದರು. ಬಗ್ಗಿ ಮೂರು ತಟ್ಟೆಗಳನ್ನೂ ಎತ್ತಿ ಒಳಗಿಟ್ಟರು.

ಆರು ಗಂಟೆ ದಾಟಿದ ಮೇಲೆ ಬಂದು ಜಗಲಿಯ ತುದಿಯಲ್ಲಿ ನಿಂತರು. ಅಂಗೈ ನೋಡಿದರು. ನನ್ನನ್ನು ಕರೆದು ನನ್ನ ಅಂಗೈಯನ್ನೂ ನೋಡಿದರು. "ಮೂರು ದೊಡ್ಡದು, ಎರಡು ಸಣ್ಣದು" ಎಂದರು. ಸುನಂದಾ ಬಡಿಸಲು ಬಂದಾಗ ಸೌಟು ತಾವೇ ತೆಗೆದುಕೊಂಡರು. ನಾವು ಉಣ್ಣತೊಡಗಿದ ಮೇಲೆ ಕೇಳಿದರು.

"ಇಷ್ಟು ದಿನ ನಾನು ಬಿಸಿಲಿನಲ್ಲೇ ಬಡಿಸ್ತಿದ್ದೆನಾ?"

"ಸ್ವಲ್ಪ ಬಿಸಿಲು ಇರ್ತಿತ್ತು" ಎಂದಳು ಸುನಂದಾ.

"ಎಷ್ಟು ಸಮಯದಿಂದ?"

"ಮಳೆಗಾಲದಿಂದ."

ದೊಡ್ಡಮ್ಮ ಸೌಟು ಹಿಡಿದುಕೊಂಡೇ ನಿಂತರು. "ಮತ್ತೆ ನೀವು ಇಬ್ಬರು ಯಾಕೆ ಸುಮ್ಮನೆ ಕೂತು ಉಂಡಿರಿ?"

ಸುನಂದಾ ತಟ್ಟೆಗೆ ಬಗ್ಗಿದಳು. ಉತ್ತರ ನನ್ನ ಪಾಲಿಗೆ ಬಂತು. "ನಮಗೆ ಆ ಹೊತ್ತಿಗೆ ಹಸಿವಾಗ್ತಿತ್ತು ದೊಡ್ಡಮ್ಮ" ಎಂದೆ.

ಅವರು ಹತ್ತಿರ ಬಂದು ಬಗ್ಗಿ ನನ್ನ ಮುಖ ನೋಡಿದರು. ಆ ಕಣ್ಣು ಅಷ್ಟು ನಿಚ್ಚಳವಾಗಿ ನನ್ನನ್ನು ನೋಡಿ ಎಷ್ಟು ವರ್ಷಗಳಾಗಿದ್ದವೋ. ಅದರಲ್ಲಿ ನೀರು ತುಂಬಿತ್ತು. ಆಪರೇಷನ್ ಆದ ಕಣ್ಣಿನಲ್ಲಿ ನೀರು ಬರುವುದು ಸಹಜ ಎಂದು ಡಾಕ್ಟರು ಹೇಳಿದ್ದರು. ಆದರೆ ಆಪರೇಷನ್ ಆಗದ ಕಣ್ಣಿನಲ್ಲೂ ಇತ್ತು. ದೊಡ್ಡಮ್ಮ ನನ್ನ ತಟ್ಟೆಗೆ ಇನ್ನೊಂದು ಸೌಟು ಅನ್ನ ಹಾಕಿದರು.

"ಹುಬ್ಬು ಇಳಿಸಿ ಉಣ್ಣು ಮಗ" ಎಂದರು.